ಹತ್ತಿರದವರನ್ನು ಪ್ರೀತಿಸುವ ಕಷ್ಟ



ದೇವರ ಪ್ರೀತಿಯನ್ನು ದಿನನಿತ್ಯದ ಬದುಕಿನಲ್ಲಿ ಬಾಳುವುದರ ಬಗ್ಗೆ ಮಾತಾಡಬೇಕೆಂದು ಸಮಿತಿಯವರು ಕೇಳಿದಾಗ ಸ್ವಲ್ಪ ಅಳುಕಾಯಿತು. ಪ್ರೀತಿಯ ಬಗ್ಗೆ ನಮ್ಮ ದೇವಾಲಯಗಳಲ್ಲಿ ಪ್ರತಿ ಭಾನುವಾರ ಪ್ರಬೋಧನೆ ಕೇಳುತ್ತೇವೆ. ಕೇಳಿ ಕೇಳಿ ಆ ಮಾತಿನ ಮೊನೆ ಸವೆದಿದೆ. ಅದನ್ನೇ ಇನ್ನೊಂದು ಗಂಟೆ ಹೇಳಿದರೆ ಯಾರಿಗೂ ಪ್ರಯೋಜನವಿಲ್ಲ. ಆದ್ದರಿಂದ ಒಬ್ಬಳೇ ಒಬ್ಬ ಹೆಣ್ಣುಮಗಳು ಒಂದು ಮಠದ ನಾಲ್ಕು ಗೋಡೆಗಳ ನಡುವೆ ಕಳೆದ ಒಂಬತ್ತು ವರ್ಷಗಳನ್ನು ನಿಮ್ಮ ಮುಂದಿಡುತ್ತೇನೆ. ಅವಳು ಲಿಸಿಯೂ ಪಟ್ಟಣದ ತೆರೇಸ. ನಮ್ಮಲ್ಲಿ ಅನೇಕರ ಮನೆಯ ಗೋಡೆಯ ಮೇಲಿರುವ, ತೋಳಿನಲ್ಲಿ ಶಿಲುಬೆಯನ್ನೂ ಗುಲಾಬಿಗಳನ್ನೂ ಹಿಡಿದು ನಿಂತಿರುವ ಸಂತಳು.

ಆ ಚಿತ್ರವನ್ನು ಮೊದಲು ಸ್ವಲ್ಪ ಬದಿಗಿಡಬೇಕು. ತೆರೇಸಳ ಅಕ್ಕ ಸೆಲೀನ್‌ಗೆ ಚಿತ್ರಕಲೆಯೂ ಛಾಯಾಗ್ರಹಣವೂ ಗೊತ್ತಿತ್ತು. ಅವಳು ಮಠದೊಳಗೆ ತೆಗೆದ ಫೋಟೊಗಳನ್ನು ಮುಂದೆ ಜನರಿಗೆ ಹಂಚುವಾಗ ತಂಗಿಯ ಮುಖವನ್ನು ತಿದ್ದಿ ಮೃದು ಮಾಡಲಾಯಿತು. ಇನ್ನೊಬ್ಬ ಅಕ್ಕ ಪೌಲೀನ್, ತೆರೇಸ ಬರೆದಿಟ್ಟ ನೋಟ್‌ಬುಕ್ಕುಗಳನ್ನು ಬಹಳಷ್ಟು ತಿದ್ದಿ 1898ರಲ್ಲಿ ‘ಒಂದು ಆತ್ಮದ ಕಥೆ’ ಎಂದು ಪ್ರಕಟಿಸಿದಳು. ಮೊದಲು ಅಚ್ಚಾದದ್ದು 2000 ಪ್ರತಿ. ಮೂಲ ಬರಹ ಇದ್ದಂತೆಯೇ ಹೊರಬಂದದ್ದು 1956ರಲ್ಲಿ. ಅಕ್ಕಂದಿರು ಪ್ರೀತಿಯಿಂದಲೇ ತಿದ್ದಿದರು, ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಮೃದುವಾದ ಆ ಮುಖವನ್ನೇ ನೋಡುತ್ತ ಬೆಳೆದ ನಾವು, ಪ್ರೀತಿಸುವುದು ತೆರೇಸಳ ಹುಟ್ಟುಗುಣವಾಗಿತ್ತು ಎಂದು ನಂಬಿಬಿಟ್ಟೆವು. ಅಂಥವರಿಗೆ ಸಾಧ್ಯ, ನಮ್ಮಂಥವರಿಗೆಲ್ಲಿ ಎಂದು ಅವಳನ್ನು ಪೀಠದ ಮೇಲೆ ಕೂರಿಸಿ ನಮ್ಮ ಪಾಡಿಗೆ ನಾವು ಉಳಿದೆವು. ತಿದ್ದದ ಬರಹವನ್ನು ಓದಿದರೆ ಬೇರೆಯೇ ತೆರೇಸ ಕಾಣುತ್ತಾಳೆ. ಸಿಟ್ಟು ಬರುವವಳು, ಕೆಲವರನ್ನು ಕಂಡರೆ ಆಗದವಳು, ಆದರೂ ಬೆಳಗಾಗೆದ್ದು ಇವತ್ತು ಇವರನ್ನು ಪ್ರೀತಿಸಿಯೇ ತೀರುತ್ತೇನೆ ಎಂದು ತೀರ್ಮಾನಿಸಿದವಳು.

ಅವಳ ಜೀವನದ ಹೊರಗಿನ ವಿವರ ಸ್ವಲ್ಪವೇ. 1873ರ ಜನವರಿ 2ರಂದು ಫ್ರಾನ್ಸಿನ ಆಲೆನ್ಸೋನಿನಲ್ಲಿ ಹುಟ್ಟಿದಳು. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕೆಲಸದವರು. ತಾಯಿ ಜೆಲಿ ಆ ಊರಿಗೆ ಹೆಸರು ತಂದ ಲೇಸು ಹೆಣಿಗೆಯಲ್ಲಿ ಪಳಗಿದವರು, ಕೆಲಸಗಾರ್ತಿಯರನ್ನಿಟ್ಟುಕೊಂಡು ಸ್ವಂತ ವ್ಯಾಪಾರ ನಡೆಸಿದವರು. ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ಹೋದರು. ತೆರೇಸಳಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. 1888ರ ಏಪ್ರಿಲ್‌ನಲ್ಲಿ, ಹದಿನೈದನೇ ವಯಸ್ಸಿಗೆ, ಅವಳು ಲಿಸಿಯೂವಿನ ಕಾರ್ಮೆಲ್ ಮಠ ಸೇರಿದಳು. 1897ರ ಸೆಪ್ಟೆಂಬರ್ 30ರಂದು ಕ್ಷಯದಿಂದ ಸತ್ತಾಗ ವಯಸ್ಸು 24. ಈ ನಡುವೆ ಅವಳು ಆ ಮಠದ ಆವರಣ ಬಿಟ್ಟು ಹೊರಗೆ ಬರಲಿಲ್ಲ. ಶಾಲೆ ಕಟ್ಟಲಿಲ್ಲ, ಆಸ್ಪತ್ರೆ ತೆರೆಯಲಿಲ್ಲ. ಆದರೂ 1925ರಲ್ಲಿ ಧರ್ಮಸಭೆ ಅವಳನ್ನು ಸಂತಳೆಂದು ಸಾರಿತು, 1927ರಲ್ಲಿ ಧರ್ಮಪ್ರಚಾರ ಕಾರ್ಯದ ಪಾಲಕಿಯಾಗಿ ಹೆಸರಿಸಿತು, 1997ರಲ್ಲಿ ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿತು. ಆ ಸಾಲಿನಲ್ಲಿ ಅವಳು ಮೂರನೆಯ ಹೆಣ್ಣು.

ಮಠದ ಬದುಕು ಎಂದರೆ ಏನೆಂದು ಊಹಿಸಿಕೊಳ್ಳಿ. ಇಪ್ಪತ್ತು ಚಿಲ್ಲರೆ ಹೆಂಗಸರು, ಬೇರೆ ಬೇರೆ ವಯಸ್ಸಿನವರು, ಬೇರೆ ಬೇರೆ ಮನೆತನದವರು, ಒಬ್ಬರನ್ನೊಬ್ಬರು ಆರಿಸಿಕೊಳ್ಳದೆ ಸಾಯುವವರೆಗೆ ಒಂದೇ ಸೂರಿನಡಿ. ಚಳಿಗಾಲದಲ್ಲಿ ಬೆಂಕಿ ಇರುತ್ತಿದ್ದದ್ದು ಒಂದೇ ಕೋಣೆಯಲ್ಲಿ. ದಿನದ ಹೆಚ್ಚಿನ ಹೊತ್ತು ಮೌನ. ಮಾತಾಡಿ ಹಗುರಾಗುವ ದಾರಿಯೂ ಇಲ್ಲದ ಕಡೆ ಸಣ್ಣ ಸಣ್ಣ ಕಿರಿಕಿರಿಗಳು ಎಷ್ಟು ದೊಡ್ಡವಾಗುತ್ತವೆ ಎಂಬುದು ಕೂಡುಕುಟುಂಬಕ್ಕೆ ಸೊಸೆಯಾಗಿ ಹೋದವರಿಗೆ ಚೆನ್ನಾಗಿ ಗೊತ್ತು.

ಆ ಮಠದಲ್ಲಿ ಒಬ್ಬ ಭಗಿನಿ ಇದ್ದಳು. ಅವಳ ನಡೆ, ಅವಳ ಮಾತು, ಅವಳ ಸ್ವಭಾವ ಯಾವುದೂ ತೆರೇಸಳಿಗೆ ಹಿಡಿಸುತ್ತಿರಲಿಲ್ಲ. ಇದನ್ನು ಅವಳು ಮುಚ್ಚಿಡದೆ ಬರೆದಿದ್ದಾಳೆ, ಹೆಸರನ್ನು ಮಾತ್ರ ಬರೆದಿಲ್ಲ. ತನಗೆ ಅತ್ಯಂತ ಪ್ರಿಯರಾದವರಿಗೆ ಏನು ಮಾಡುತ್ತಿದ್ದೆನೋ ಅದನ್ನೇ ಇವಳಿಗೂ ಮಾಡುತ್ತೇನೆಂದು ತೆರೇಸ ನಿಶ್ಚಯಿಸಿದಳು. ಎದುರಾದಾಗಲೆಲ್ಲ ಅವಳಿಗಾಗಿ ಪ್ರಾರ್ಥಿಸಿದಳು. ಕೈಲಾದ ಸಹಾಯ ಮಾಡಿದಳು. ಚುಚ್ಚಿ ಉತ್ತರ ಕೊಡಬೇಕೆನ್ನಿಸಿದಾಗ ನಕ್ಕು ಬೇರೆ ಮಾತೆತ್ತಿದಳು. ಒಳಗಿನ ಜಗಳ ಕೈಮೀರುವಂತಾದಾಗ ಏನು ಮಾಡಿದಳು? ಅಲ್ಲಿಂದ ಓಡಿಹೋದಳು! ರಣದಿಂದ ತಪ್ಪಿಸಿಕೊಂಡ ಸೈನಿಕನ ಹಾಗೆ ಓಡಿದೆ ಎಂದು ತಾನೇ ಒಪ್ಪಿಕೊಂಡಿದ್ದಾಳೆ. ಈ ಓಟ ನನಗೆ ಬಹಳ ಇಷ್ಟ. ಯಾರನ್ನಾದರೂ ನೋಯಿಸುವ ಮಾತು ತುಟಿಗೆ ಬಂದಾಗ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿಯುವುದೂ ದೇವರ ಪ್ರೀತಿಯ ಲೆಕ್ಕಕ್ಕೆ ಸೇರುತ್ತದೆ ಎಂದು ಒಬ್ಬ ಸಂತಳೇ ಹೇಳಿದ ಹಾಗಾಯಿತು. ಒಂದು ದಿನ ಆ ಭಗಿನಿ ತೆರೇಸಳನ್ನು ಹಿಡಿದು ನಿಲ್ಲಿಸಿ, ನನ್ನಲ್ಲಿ ಅಂಥದ್ದು ಏನು ಕಂಡೆ, ಯಾವಾಗ ನೋಡಿದರೂ ನನ್ನನ್ನು ಕಂಡು ನಗುತ್ತೀಯಲ್ಲ ಎಂದು ಸಂತೋಷದಿಂದ ಕೇಳಿದಳಂತೆ.

ಇದು ಬೂಟಾಟಿಕೆಯಲ್ಲವೆ ಎಂದು ಯುವಕರು ಕೇಳುತ್ತಾರೆ. ಮನಸ್ಸಿನಲ್ಲಿ ಇಲ್ಲದ್ದನ್ನು ಮುಖದಲ್ಲಿ ತೋರಿಸುವುದು ಸುಳ್ಳಲ್ಲವೆ? ಬಹಳ ಪ್ರಾಮಾಣಿಕವಾದ ಪ್ರಶ್ನೆ, ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗಬಾರದು. ಸುಳ್ಳು ನಗುವಿನವನಿಗೆ ಎದುರಿಗಿರುವವರಿಂದ ಏನೋ ಬೇಕಾಗಿರುತ್ತದೆ, ಬೆನ್ನು ತಿರುಗಿಸಿದ ಕೂಡಲೇ ಅವನ ಮಾತೂ ತಿರುಗುತ್ತದೆ. ತೆರೇಸಳಿಗೆ ಆ ಭಗಿನಿಯಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅವಳ ಬೆನ್ನ ಹಿಂದೆ ತೆರೇಸ ಮಾಡುತ್ತಿದ್ದದ್ದು ಪ್ರಾರ್ಥನೆ. ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದು ಅಳುವ ಮಗುವನ್ನು ಎತ್ತಿಕೊಳ್ಳುವ ತಾಯಿಗೆ ಆ ಗಳಿಗೆಯಲ್ಲಿ ವಾತ್ಸಲ್ಯ ಉಕ್ಕುತ್ತಿರುತ್ತದೆ ಎನ್ನಲಾಗದು. ದಣಿವು ಇರುತ್ತದೆ, ಬೇಸರವೂ ಇರಬಹುದು. ಎತ್ತಿಕೊಳ್ಳುವ ಆ ತೋಳನ್ನು ನಾವು ಯಾರೂ ಸುಳ್ಳು ಎನ್ನುವುದಿಲ್ಲ.

ಕಡೆಯ ಭೋಜನದ ರಾತ್ರಿ, ಶಿಷ್ಯರ ಕಾಲು ತೊಳೆದಾದ ಮೇಲೆ, ಯೂದಾಸ ಎದ್ದು ಕತ್ತಲಿಗೆ ಹೋದ ಮೇಲೆ, ಯೇಸುಸ್ವಾಮಿ ತಮ್ಮ ಹೊಸ ಆಜ್ಞೆಯನ್ನು ಕೊಟ್ಟರು ಎಂದು ಯೊವಾನ್ನರ ಶುಭಸಂದೇಶ ಹೇಳುತ್ತದೆ. ತಾವು ಪ್ರೀತಿಸಿದ ಹಾಗೆ ಶಿಷ್ಯರು ಪರಸ್ಪರ ಪ್ರೀತಿಸಬೇಕೆಂದು ಅಪ್ಪಣೆ ಮಾಡಿದರು. ಭಾವನೆಯನ್ನು ಯಾರೂ ಯಾರಿಗೂ ಅಪ್ಪಣೆ ಮಾಡಲಾರರು. ಕೈಗೆ, ಕಾಲಿಗೆ, ನಾಲಿಗೆಗೆ ಅಪ್ಪಣೆ ಮಾಡಬಹುದು. ಸಾಯುವ ಮೊದಲಿನ ತಿಂಗಳುಗಳಲ್ಲಿ, 1897ರ ಜೂನ್‌ನಲ್ಲಿ, ತೆರೇಸ ಈ ಆಜ್ಞೆಯನ್ನೇ ಇಟ್ಟುಕೊಂಡು ಬರೆಯಲು ಕುಳಿತಳು. ಅವಳು ಕಂಡುಕೊಂಡದ್ದು ಸರಳ. ಯೇಸು ಪ್ರೀತಿಸಿದಷ್ಟು ಪ್ರೀತಿಸುವುದು ಮನುಷ್ಯರಿಗೆ ಆಗದ ಕೆಲಸ. ಆಗದ್ದನ್ನು ದೇವರು ಕೇಳುವುದಿಲ್ಲ. ಹಾಗಾದರೆ ಕೇಳಿದವರೇ ನನ್ನೊಳಗೆ ನಿಂತು ಪ್ರೀತಿಸುತ್ತಾರೆ, ನಾನು ಮಾಡಬೇಕಾದದ್ದು ಜಾಗ ಬಿಟ್ಟುಕೊಡುವುದು. ದೈವಪ್ರೀತಿ ಎಂಬ ದೊಡ್ಡ ಮಾತಿಗೆ ಇದಕ್ಕಿಂತ ಬಳಸಲು ಬರುವ ಅರ್ಥ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ. ಆಯ್ಕೆ ನಮ್ಮದು, ಶಕ್ತಿ ನಮ್ಮದಲ್ಲ. ಈ ಎರಡರಲ್ಲಿ ಒಂದನ್ನು ಬಿಟ್ಟರೆ ಒಂದೋ ನಾವು ಕೈಕಟ್ಟಿ ಕೂರುತ್ತೇವೆ, ಇಲ್ಲವೆ ನಮ್ಮ ಒಳ್ಳೆಯತನದ ಬಗ್ಗೆ ನಾವೇ ಬೀಗುತ್ತೇವೆ.

ಇನ್ನೆರಡು ಘಟನೆಗಳನ್ನು ಬೇಗ ಹೇಳುತ್ತೇನೆ. ಸಂಜೆಯ ಮೌನಪ್ರಾರ್ಥನೆಯಲ್ಲಿ ತೆರೇಸಳ ಹಿಂದೆ ಕೂರುವ ಭಗಿನಿ ಎರಡು ಚಿಪ್ಪುಗಳನ್ನು ತಿಕ್ಕಿದಂಥ ವಿಚಿತ್ರ ಸದ್ದು ಮಾಡುತ್ತಿದ್ದಳು. ತಿರುಗಿ ಒಮ್ಮೆ ದುರುಗುಟ್ಟಿ ನೋಡಿದ್ದರೆ ಸದ್ದು ನಿಲ್ಲುತ್ತಿತ್ತು. ತಡೆದುಕೊಂಡ ಪ್ರಯಾಸಕ್ಕೆ ತೆರೇಸ ಬೆವೆತುಹೋದಳಂತೆ. ಕೇಳಿಸಿಕೊಳ್ಳದಿರಲು ಆಗದೆ ಹೋದಾಗ, ಅದೊಂದು ಸಂಗೀತವೆಂಬಂತೆ ಮನಸ್ಸಿಟ್ಟು ಕೇಳಿ, ಆ ಸಂಗೀತವನ್ನೇ ಯೇಸುವಿಗೆ ಒಪ್ಪಿಸಿದಳು. ಬಟ್ಟೆ ಒಗೆಯುವ ಕಡೆ ಎದುರಿಗಿದ್ದ ಭಗಿನಿ ಕರವಸ್ತ್ರ ಕುಕ್ಕುವಾಗಲೆಲ್ಲ ಕೊಳಕು ನೀರು ಇವಳ ಮುಖಕ್ಕೆ ಸಿಡಿಯುತ್ತಿತ್ತು. ಹಿಂದೆ ಸರಿದು ಮುಖ ಒರೆಸಿಕೊಂಡು ತೋರಿಸಬೇಕೆನ್ನಿಸಿತು. ತೋರಿಸಲಿಲ್ಲ.

ಮೂರನೆಯದನ್ನು ನಿಧಾನವಾಗಿ ಹೇಳಬೇಕು. ಸೇಂಟ್ ಪಿಯೇರ್ ಎಂಬ ವೃದ್ಧ ಭಗಿನಿ ಕಾಯಿಲೆಯಿಂದ ನಡೆಯಲಾರದೆ ಇದ್ದಳು. ಸಂಜೆ ಪ್ರಾರ್ಥನೆಯ ನಡುವೆ, ಆರು ಗಂಟೆಗೆ ಹತ್ತು ನಿಮಿಷ ಇರುವಾಗ, ಯಾರಾದರೂ ಎದ್ದು ಅವಳನ್ನು ಊಟದ ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಅವಳನ್ನು ಮೆಚ್ಚಿಸುವುದು ಎಷ್ಟು ಕಷ್ಟವೆಂದು ತೆರೇಸಳಿಗೆ ಗೊತ್ತಿತ್ತು, ಆದರೂ ತಾನಾಗಿ ಮುಂದೆ ಬಂದಳು. ಬೆಂಚನ್ನು ಇಂಥ ರೀತಿಯಲ್ಲೇ ಸರಿಸಬೇಕು. ಅವಸರ ಮಾಡಬಾರದು. ಹಿಂದಿನಿಂದ ಸೊಂಟಪಟ್ಟಿ ಹಿಡಿದು ನಡೆಸಬೇಕು. ಸ್ವಲ್ಪ ಬೇಗ ನಡೆದರೆ ಬೀಳಿಸುತ್ತೀಯ ಎಂಬ ದೂರು, ನಿಧಾನವಾದರೆ ಕೈಬಿಟ್ಟೆಯಾ ಎಂಬ ದೂರು, ನೀನಿನ್ನೂ ಚಿಕ್ಕವಳು, ನಿನ್ನಿಂದಾಗದು ಎಂಬ ಗೊಣಗಾಟ. ಊಟದ ಮನೆಗೆ ಮುಟ್ಟಿಸಿ, ಕೂರಿಸಿ, ಅವಳಿಗೆ ಬೇಕಾದ ರೀತಿಯಲ್ಲೇ ಅಂಗಿಯ ತೋಳು ಮಡಚಿಕೊಟ್ಟರೆ ಕೆಲಸ ಮುಗಿಯಿತು. ಒಂದು ದಿನ ತೆರೇಸ ಗಮನಿಸಿದಳು: ಸೊಟ್ಟಗಾದ ಆ ಕೈಗಳಿಗೆ ಬ್ರೆಡ್ಡು ಕತ್ತರಿಸುವುದು ಕಷ್ಟವಾಗುತ್ತಿದೆ. ಅಂದಿನಿಂದ ಅದನ್ನೂ ಕತ್ತರಿಸಿಕೊಟ್ಟು, ಹೋಗುವಾಗ ಒಮ್ಮೆ ನಕ್ಕು ಹೋಗತೊಡಗಿದಳು. ಯಾರೂ ಕೇಳಿರಲಿಲ್ಲ. ಮುದುಕಿ ಕರಗಿದಳು.

ಒಂದು ಚಳಿಯ ಸಂಜೆ ಹಾಗೆ ನಡೆಸಿಕೊಂಡು ಹೋಗುವಾಗ ದೂರದಿಂದ ಎಲ್ಲಿಂದಲೋ ವಾದ್ಯದ ದನಿ ಕೇಳಿತಂತೆ. ದೀಪಗಳಿಂದ ಬೆಳಗುವ ಒಂದು ದೊಡ್ಡ ಮನೆ, ಚೆಂದವಾಗಿ ಉಟ್ಟ ಹುಡುಗಿಯರು, ಹಿತವಾದ ಮಾತುಕತೆ ಎಲ್ಲ ಅವಳ ಕಣ್ಣಿಗೆ ಕಟ್ಟಿತು. ಪಕ್ಕದಲ್ಲಿ ನರಳುತ್ತಿರುವ ಮುದುಕಿ, ಮಬ್ಬು ಬೆಳಕಿನ ಬೋಳು ಗೋಡೆಗಳು. ಸಾವಿರ ವರ್ಷ ಆ ಸಂಭ್ರಮ ಕೊಟ್ಟರೂ ಈ ಹತ್ತು ನಿಮಿಷದ ಕೆಲಸವನ್ನು ಬಿಟ್ಟುಕೊಡೆ ಎಂದು ಅವಳು ಬರೆದುಕೊಂಡಿದ್ದಾಳೆ. ಹದಿಹರೆಯದ ಹುಡುಗಿ ಆ ಮನೆಯ ಬೆಳಕನ್ನು ಕಂಡದ್ದನ್ನೂ ಮುಚ್ಚಿಡಲಿಲ್ಲ ಎಂಬುದನ್ನು ಗಮನಿಸಿ. ಬಿಟ್ಟದ್ದು ಏನೆಂದು ಗೊತ್ತಿದ್ದೇ ಬಿಟ್ಟವಳು ಅವಳು.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, ಅವಳಿಗೆ ದೇವರ ಸಾನ್ನಿಧ್ಯದ ಸವಿ ಸದಾ ಇತ್ತು, ಅದರ ಬಲದಿಂದ ಮಾಡಿದಳು ಎಂದುಕೊಳ್ಳುವವರಿದ್ದಾರೆ. ನಿಜ ಸಂಗತಿ ಬೇರೆ. 1896ರ ಶುಭ ಶುಕ್ರವಾರದ ಹಿಂದಿನ ರಾತ್ರಿ ಅವಳು ಮೊದಲ ಬಾರಿ ರಕ್ತ ಕಾರಿದಳು. ಅದಾದ ಕೆಲವೇ ದಿನಗಳಲ್ಲಿ, ಪಾಸ್ಕದ ಕಾಲದಲ್ಲೇ, ಸ್ವರ್ಗವಿದೆ ಎಂಬ ನಂಬಿಕೆಯ ಬೆಳಕು ಅವಳಿಗೆ ಆರಿಹೋಯಿತು. ಮುಂದಿನ ಒಂದೂವರೆ ವರ್ಷ, ಸಾಯುವ ತನಕ, ಪ್ರಾರ್ಥನೆಗೆ ಎದುರಾದದ್ದು ಕತ್ತಲೆಯೇ. ನಂಬಿಕೆಯಿಲ್ಲದವರ ಊಟದ ಮೇಜಿನಲ್ಲಿ ಅವರೊಡನೆ ಕೂತಿದ್ದೇನೆ ಎಂಬರ್ಥದಲ್ಲಿ ಬರೆದಳು. ನಾನು ಹೇಳಿದ ಹೊಸ ಆಜ್ಞೆಯ ಪುಟಗಳು ಬಂದದ್ದು ಈ ಕತ್ತಲೆಯ ನಡುವೆ. ಭಕ್ತಿಯ ಸವಿ ಬತ್ತಿದ ಕಾಲದಲ್ಲಿ ಪ್ರೀತಿಸುವ ಕೆಲಸ ನಿಲ್ಲಲಿಲ್ಲ. ಪ್ರಾರ್ಥಿಸಲು ಕೂತರೆ ಏನೂ ಅನ್ನಿಸುವುದಿಲ್ಲ, ದೇವರು ಇದ್ದಾರೋ ಇಲ್ಲವೋ ಎನ್ನಿಸುತ್ತದೆ ಎಂದು ಗುಟ್ಟಾಗಿ ನೋಯುವ ಬಹಳ ಜನ ನಮ್ಮ ನಡುವೆ ಇದ್ದಾರೆ. ಅವರಿಗೆ ಈ ಸಂಗತಿ ತಿಳಿದಿರಬೇಕು.

ಈಗ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಸಹಿಸಿಕೊಳ್ಳಿ, ಪ್ರೀತಿಸಿ ಎಂಬ ಬೋಧನೆಯನ್ನು ನಮ್ಮಲ್ಲಿ ಯಾವಾಗಲೂ ಕೆಳಗಿರುವವರಿಗೇ ಮಾಡುತ್ತಾರೆ. ಕುಡಿದು ಬಂದು ಹೊಡೆಯುವ ಗಂಡನ ಹೆಂಡತಿಗೆ, ನಿನ್ನ ಶಿಲುಬೆಯನ್ನು ನೀನು ಹೊರಬೇಕಮ್ಮ ಎನ್ನುತ್ತಾರೆ. ಸಂಬಳ ಸರಿಯಾಗಿ ಸಿಗದ ಕೆಲಸದವಳಿಗೆ ತಾಳ್ಮೆಯ ಪಾಠ ಹೇಳುತ್ತಾರೆ. ಇದು ತೆರೇಸಳ ದಾರಿಯಲ್ಲ. ಅವಳು ಸಹಿಸಿದ್ದು ಚಿಪ್ಪಿನ ಸದ್ದನ್ನು, ಕೊಳಕು ನೀರನ್ನು, ಗೊಣಗಾಟವನ್ನು. ಅದೂ ತಾನಾಗಿ ಆರಿಸಿಕೊಂಡು. ತನ್ನ ಜವಾಬ್ದಾರಿಗೆ ಬಂದ ನವಶಿಷ್ಯೆಯರು ತಪ್ಪಿದಾಗ ಅವರ ಬೇಸರಕ್ಕೆ ಹೆದರದೆ ನೇರವಾಗಿ ತಿದ್ದಿದವಳು ಅವಳು. ಇನ್ನೊಬ್ಬರ ಮೇಲೆ ಆಗುವ ಅನ್ಯಾಯವನ್ನು ನೋಡಿಕೊಂಡು ಸುಮ್ಮನಿರುವುದನ್ನು ಪ್ರೀತಿ ಎನ್ನಲು ಶುಭಸಂದೇಶದಲ್ಲಿ ಆಧಾರವಿಲ್ಲ. ಹೊಡೆತ ತಿನ್ನುವ ಹೆಣ್ಣುಮಗಳ ವಿಷಯದಲ್ಲಿ ಪ್ರೀತಿಯ ಮೊದಲ ಕೆಲಸ ಅವಳನ್ನು ಸುರಕ್ಷಿತವಾದ ಜಾಗಕ್ಕೆ ಕರೆದುಕೊಂಡು ಹೋಗುವುದು.

ಕ್ಷಮೆ ಮತ್ತು ನ್ಯಾಯ ಒಟ್ಟಿಗೆ ಇರಬಲ್ಲವು ಎಂಬುದನ್ನು ನಮ್ಮ ಕಾಲದಲ್ಲಿ, ನಮ್ಮ ದೇಶದಲ್ಲಿ ಒಬ್ಬರು ತೋರಿಸಿಕೊಟ್ಟರು. 1999ರ ಜನವರಿಯ ಒಂದು ರಾತ್ರಿ ಒಡಿಶಾದ ಮನೋಹರಪುರದಲ್ಲಿ, ವ್ಯಾನಿನಲ್ಲಿ ಮಲಗಿದ್ದ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳು, ಹತ್ತು ವರ್ಷದ ಫಿಲಿಪ್ ಮತ್ತು ಆರು ವರ್ಷದ ತಿಮೊಥಿ, ಇವರನ್ನು ಗುಂಪೊಂದು ಸುಟ್ಟು ಕೊಂದಿತು. ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಕಾನೂನಿನ ಕೆಲಸಕ್ಕೆ ಅಡ್ಡ ಬರಲಿಲ್ಲ, ಅಪರಾಧಕ್ಕೆ ಸಿಗುವ ಶಿಕ್ಷೆ ಬೇರೆ, ತಮ್ಮ ಕ್ಷಮೆ ಬೇರೆ ಎಂದು ಸ್ಪಷ್ಟಪಡಿಸಿದರು. ಜಗತ್ತು ನೆನಪಿಟ್ಟುಕೊಂಡದ್ದು ಕ್ಷಮೆಯ ಆ ಮಾತನ್ನು. ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು ಅದರ ನಂತರದ ವರ್ಷಗಳು. ಅವರು ಮಗಳೊಂದಿಗೆ ಬಾರಿಪದದಲ್ಲೇ ಉಳಿದರು, ಗಂಡ ನೋಡಿಕೊಳ್ಳುತ್ತಿದ್ದ ಕುಷ್ಠರೋಗಿಗಳ ಆಶ್ರಮದ ಕೆಲಸವನ್ನು 2004ರವರೆಗೆ ಮುಂದುವರಿಸಿದರು. ಮಾತು ಒಂದು ದಿನದ್ದು. ಮರುದಿನ ಬೆಳಿಗ್ಗೆ ಎದ್ದು ಅದೇ ಆಶ್ರಮಕ್ಕೆ, ಅದೇ ರೋಗಿಗಳ ಬಳಿಗೆ ಹೋಗುವುದು, ಅದರ ಮರುದಿನವೂ ಹೋಗುವುದು, ಅಲ್ಲಿದೆ ಆಯ್ಕೆ.

ಕಾರ್ಮೆಲ್ ಮಠದ ಈ ಕಥೆ ನಮ್ಮ ಕರಾವಳಿಗೆ ದೂರದ್ದಲ್ಲ. ತೆರೇಸ ಹುಟ್ಟುವ ಮೊದಲೇ, 1870ರಲ್ಲಿ, ಫ್ರಾನ್ಸಿನ ಪೋ ಪಟ್ಟಣದಿಂದ ಹೊರಟ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದರು. ಪ್ರಯಾಣದಲ್ಲೇ ಕೆಲವರು ತೀರಿಕೊಂಡರು. ಬಂದವರಲ್ಲಿ ಗಲಿಲೇಯದ ಹಳ್ಳಿಯೊಂದರ ಅರಬ್ ಹುಡುಗಿ ಮರಿಯಂ ಬವಾರ್ದಿ ಇದ್ದಳು. ಓದು ಬರಹ ಹೆಚ್ಚು ಬಾರದವಳು, ಚಿಕ್ಕಂದಿನಲ್ಲಿ ಕಂಡವರ ಮನೆಯಲ್ಲಿ ಕೆಲಸ ಮಾಡಿದವಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ತೆಗೆದುಕೊಂಡಳು. ಮರುವರ್ಷ ಮೇಲಿನವರ ಸಂಶಯಕ್ಕೆ ಗುರಿಯಾಗಿ ಹಿಂದಕ್ಕೆ ಕಳುಹಿಸಲ್ಪಟ್ಟಳು. ಕಹಿ ಇಟ್ಟುಕೊಂಡು ಕೂರಲಿಲ್ಲ. ಬೆತ್ಲೆಹೇಮಿನಲ್ಲಿ ಹೊಸ ಮಠ ಕಟ್ಟುವ ಕೆಲಸಕ್ಕೆ ನಿಂತಳು. 1878ರ ಆಗಸ್ಟ್‌ನಲ್ಲಿ, ಕಟ್ಟಡದ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುವಾಗ ಬಿದ್ದು ತೋಳು ಮುರಿದು, ಅದು ಕೊಳೆತು, ಅದರಲ್ಲೇ ಸತ್ತಳು. 2015ರಲ್ಲಿ ಸಂತಳೆಂದು ಘೋಷಿತಳಾದಳು. ಮಂಗಳೂರಿನ ನೀರು ಕುಡಿದ ಈ ಸಂತಳ ಹೆಸರನ್ನು ನಮ್ಮ ಮಕ್ಕಳ ಧರ್ಮೋಪದೇಶದ ತರಗತಿಗಳಲ್ಲಿ ಇನ್ನಷ್ಟು ಹೇಳಬೇಕು.

ನಮ್ಮ ಮನೆಗಳಿಗೆ ಬರೋಣ. ಪೂಜೆಯಲ್ಲಿ ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸುತ್ತೇವೆ. ಮಗಳ ಮದುವೆಯ ಮಾತು ಬಂದಾಗ ಹುಡುಗ ಬಾಮಣನೋ ಚಾರೊಡಿಯೋ ಎಂಬ ಜಾತಿಯ ಪ್ರಶ್ನೆ ಮೆಲ್ಲಗೆ ಏಳುತ್ತದೆ. ಗೋವೆಯಿಂದ ನಮ್ಮ ಹಿರಿಯರು ಹೊತ್ತು ತಂದ ಆ ಗಂಟನ್ನು ಇನ್ನೂ ಕೆಳಗಿಟ್ಟಿಲ್ಲ. ತಿರುಚ್ಚಿಯ ಮೇಲಪುದೂರಿನಲ್ಲಿ ದಲಿತ ಕ್ರೈಸ್ತರ ಗೋರಿಗಳನ್ನು ಬೇರೆ ಮಾಡಲು ಸ್ಮಶಾನದ ನಡುವೆ ಗೋಡೆಯನ್ನೇ ಕಟ್ಟಿದರು. ಅದನ್ನು ಕೇಳಿ ನಾವು ತಲೆ ತಗ್ಗಿಸುತ್ತೇವೆ. ನಮ್ಮಲ್ಲಿನ ಗೋಡೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಇಟ್ಟಿಗೆಯಿಲ್ಲದ ಗೋಡೆಯನ್ನು ಒಡೆಯುವುದು ಒಂದೊಂದು ಮನೆಯ ಜಗಲಿಯಲ್ಲಿ, ಒಂದೊಂದು ಸಂಬಂಧದ ಮಾತುಕತೆಯಲ್ಲಿ, ಅಪ್ಪ ಅಮ್ಮ ಕೂತು ತೀರ್ಮಾನಿಸಬೇಕಾದ ಕೆಲಸ. ಆ ದಿನ ಅಣ್ಣ ತಮ್ಮಂದಿರು ಮುಖ ಸಿಂಡರಿಸುತ್ತಾರೆ. ಪ್ರೀತಿಗೆ ಬೆಲೆ ತೆರಬೇಕಾಗಿ ಬರುವುದು ಅಲ್ಲಿ.

ಇನ್ನೊಂದು ಸಂಗತಿ ದಿನೇ ದಿನೇ ದೊಡ್ಡದಾಗುತ್ತಿದೆ. ಮಕ್ಕಳು ದುಬೈ, ಕುವೈತ್, ಕೆನಡಾ ಎಂದು ಹೋಗಿದ್ದಾರೆ. ದೊಡ್ಡ ದೊಡ್ಡ ಮನೆಗಳಲ್ಲಿ ಅಮ್ಮನೊಬ್ಬಳೇ, ಇಲ್ಲವೆ ಅಪ್ಪನೊಬ್ಬನೇ. ಹಣಕ್ಕೆ ಕೊರತೆಯಿಲ್ಲ, ಹೋಮ್‌ ನರ್ಸ್ ಇದ್ದಾಳೆ, ಫೋನಿನಲ್ಲಿ ಮೊಮ್ಮಕ್ಕಳ ಮುಖ ಕಾಣುತ್ತದೆ. ವಿನ್ಸೆಂಟ್ ಡಿ ಪೌಲ್ ಸಭೆಯವರು ಬಡವರ ಮನೆಗೆ ಅಕ್ಕಿ, ಔಷಧ ಮುಟ್ಟಿಸುತ್ತಾರೆ, ಅವರಿಗೆ ನಾನು ಕೈಮುಗಿಯುತ್ತೇನೆ. ಈ ಮುದುಕರಿಗೆ ಅಕ್ಕಿ ಬೇಡ. ಇವರಲ್ಲಿ ಹೆಚ್ಚಿನವರು ಸೇಂಟ್ ಪಿಯೇರಳ ಹಾಗೆ ಗೊಣಗುವವರು, ಹೇಳಿದ್ದನ್ನೇ ಹತ್ತು ಸಲ ಹೇಳುವವರು, ಬಂದವರ ತಪ್ಪು ಹುಡುಕುವವರು. ಅದಕ್ಕೇ ಅಲ್ಲಿಗೆ ಯಾರೂ ಎರಡನೇ ಸಲ ಹೋಗುವುದಿಲ್ಲ. ಅಲ್ಲಿರುವ ಹೋಮ್‌ ನರ್ಸ್‌ಗೂ ಒಂದು ದಿನದ ಬಿಡುವು ಸಿಗುವುದಿಲ್ಲ. ಯಾರ ಮನೆಯ ಮಗಳೋ, ಅವಳ ಬಗ್ಗೆಯೂ ಯೋಚಿಸಬೇಕು.

ನಮ್ಮ ಧರ್ಮಕೇಂದ್ರದ ಪ್ರತಿ ವಾಡೆಗೂ, ಅಂದರೆ ಪ್ರತಿ ಕೇರಿಗೂ, ಅದನ್ನು ನೋಡಿಕೊಳ್ಳುವ ಒಬ್ಬ ಗುರ್ಕಾರರಿದ್ದಾರೆ. ಯಾವ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆ ಎಂಬುದು ಅವರಿಗೆ ಬಾಯಿಪಾಠ. ಅವರಲ್ಲಿ ಹಲವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಚಹಾ ಕುಡಿದು ಹೊರಡುವ ಮೊದಲು ಅರ್ಧ ಗಂಟೆ ಅವರೊಡನೆ ಕೂರೋಣ. ಯಾರ ಮನೆಗೆ ಯಾರು, ವಾರದ ಯಾವ ದಿನ, ಎಷ್ಟು ಹೊತ್ತಿಗೆ ಹೋಗುವುದು ಎಂದು ಬರೆದುಕೊಳ್ಳೋಣ. ಯಾರೂ ಹೋಗಲು ಒಪ್ಪದ ಮನೆಗಳ ಹೆಸರನ್ನು ಮೊದಲು ಬರೆಯೋಣ. ಒಂದು ಹೆಸರನ್ನು ನಾನು ತೆಗೆದುಕೊಳ್ಳುತ್ತೇನೆ.